ಅಜ್ಜಿಗೊಂದು ಕಾಗದ ಬರೆಸಿ

ಮಕ್ಕಳಿಗೆ ಪತ್ರಲೇಖನ ಅಂದರೆ ಪರೀಕ್ಷೆಯ ಅಂಕ ಅಷ್ಟೇ. 'ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ಬಾಯಿಪಾಠ ಮಾಡಿ ಬರೀತಾರೆ. ಆ ಕಾಗದ ಯಾರಿಗೂ ಮುಟ್ಟೋದಿಲ್ಲ. ನೀವು ಮನೆಯಲ್ಲಿ ಕಲಿಸುವುದಾದರೆ ನಿಜವಾಗಿ ಟಪಾಲಿಗೆ ಹಾಕುವ ಕಾಗದವನ್ನೇ ಬರೆಸಿ.

ಗಬ್ಬೂರಿನ ನಮ್ಮ ಮನೆಯಿಂದ ಮೂರನೇ ತರಗತಿಯ ಮಗಳು ಊರಲ್ಲಿರುವ ಅಜ್ಜಿಗೆ ಬರೀತಾಳೆ. ಅವರಿಗೆ ಕಿವಿ ಮಂದ. ಫೋನಿನಲ್ಲಿ 'ಹಾಂ, ಹಾಂ' ಅನ್ನೋದರಲ್ಲೇ ಮಾತು ಮುಗಿದುಹೋಗ್ತದೆ. ಕಾಗದವಾದರೆ ಚಾಳೀಸು ಹಾಕಿಕೊಂಡು ನಾಲ್ಕು ಸಲ ಓದ್ತಾರೆ.

ಮಗು ಮೊದಲು ಬಾಯಲ್ಲಿ ಹೇಳಲಿ. 'ಅಜ್ಜಿ ನಿನ್ನ ಮುಂದ ಕುಂತಾರ ಅನ್ಕೋ, ಏನ್ ಹೇಳ್ತಿ?' ಎಂದು ಕೇಳಿ. 'ಅಜ್ಜಿ, ನಿನ್ನ ಮೊಣಕಾಲು ನೋವು ಕಡಿಮಿ ಆತೇನ? ನನ್ನ ಮುಂದಿನ ಹಲ್ಲು ಬಿತ್ತು!' ಅದನ್ನೇ ಬರೆಯಲಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಒತ್ತಕ್ಷರದ ತಪ್ಪು ಒಂದೆರಡು ತೋರಿಸಿದರೆ ಸಾಕು; ಕೆಂಪು ಪೆನ್ನು ಮಾತ್ರ ಬೇಡ. ಒಂದಾದರೂ ಪ್ರಶ್ನೆ ಇರಲಿ, ಉತ್ತರ ಬರಬೇಕಲ್ಲ!

ಶುರುವಿಗೆ 50 ಪೈಸೆಯ ಕಾರ್ಡೇ ಒಳ್ಳೇದು, ಐದಾರು ಸಾಲಿಗೆ ತುಂಬಿಬಿಡ್ತದೆ. ಗುಟ್ಟಿದ್ದರೆ ಇನ್‌ಲ್ಯಾಂಡ್ ಕೊಡಿಸಿ, ನೀವು ಇಣುಕಬೇಡಿ. ಬಲಮೂಲೆಯಲ್ಲಿ ಊರು, ತಾರೀಖು. ವಿಳಾಸವನ್ನೂ ಮಗುವೇ ಬರೆಯಲಿ, ಪಿನ್‌ಕೋಡಿನ ಆರು ಅಂಕಿ ನೀವು ಒಮ್ಮೆ ನೋಡಿ. ನಮ್ಮ ಹುಬ್ಬಳ್ಳಿ-ಧಾರವಾಡದ್ದು 580ರಿಂದ ಶುರು ಎಂದು ತಿಳಿಸಿ, ಉತ್ತರ ಬರಲು ನಮ್ಮ ವಿಳಾಸವೂ ಬೇಕು.

ಡಬ್ಬಿಗೆ ಅದರ ಕೈಯಿಂದಲೇ ಹಾಕಿಸಿ. ಊರಿಗೆ ಫೋನು ಮಾಡಿ ಮೊದಲೇ ಹೇಳಿಬಿಡಬೇಡಿ ಮತ್ತೆ!