ಮಂಗಳವಾರ, ಶುಕ್ರವಾರದ ಮಾತ್ರೆ

ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯ ಹಾದಿಯಲ್ಲಿ ಸರದ ಅಂಗಡಿಗಳು. ಕೆಂಪು, ಹಸಿರು ಮಣಿ ಕಂಡದ್ದೇ ನನಗೆ ರಾಮನಗರ ನೆನಪಾಯಿತು. 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್, ಬಸಿರಾಗುವ ದಿನಗಳ ಲೆಕ್ಕಕ್ಕೆಂದು ಅಲ್ಲಿನ ಹೆಂಗಸರ ಕೈಗೆ ಇಂಥದೇ ಸರ ಕೊಡಿಸಿದ್ದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರಿದ್ದರೆ ಭಯವಿಲ್ಲ, ಕೆಂಪಿದ್ದರೆ ಗಂಡ ದೂರ. ಆದರೆ ಕತ್ತಲಲ್ಲಿ ಬಣ್ಣ ಕಾಣಬೇಡವೇ? ಬೆರಳಿಗೆ ಗುರುತು ಸಿಗಲೆಂದು ಮಣಿಯ ಆಕಾರವನ್ನೇ ಬದಲಿಸಿದರು. ಮುಟ್ಟಿನ ಲೆಕ್ಕ ಎಲ್ಲರಿಗೂ ಒಂದೇ ಇರುವುದಿಲ್ಲವಲ್ಲ, ಸರ ಸೋತಿತು. 1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿದ ಮೈಸೂರು ಸೀಮೆಯ ಕಥೆಯಿದು. ಆ ಸರದ ಮೇಲೆ ನನಗೆ ಇಂದಿಗೂ ಅಕ್ಕರೆ.

ಗುಡಿಯ ಹಿಂದಿನ ಬೀದಿಯಲ್ಲಿ, ಹತ್ತು ತಿಂಗಳ ಕೂಸಿನ ತಾಯಿಯೊಬ್ಬಳ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ಹೋದೆ. ಆಶಾ ಮಾತ್ರೆಯ ಮಾತೇ ಎತ್ತಲಿಲ್ಲ. ಅತ್ತೆ ನೀರಿಗೆ ಹೋಗುವವರೆಗೂ ಕೂಸನ್ನು ಆಡಿಸಿದಳು. ಆಮೇಲೆ ಕೇಳಿದ್ದು ಒಂದೇ: ಇನ್ನೊಂದು ಮಗು ಯಾವಾಗ ಬೇಕು, ನಿನಗೆ? ಆ 'ನಿನಗೆ' ಎಂಬ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಹುಡುಗಿ ತಲೆಯೆತ್ತಿದಳು.

ಆಶಾಳ ಚೀಲದಿಂದ ಗರ್ಭನಿರೋಧಕಗಳು ಒಂದೊಂದಾಗಿ ಹೊರಬಂದವು. ವಂಕಿ (ಕಾಪರ್-ಟಿ) ಎದೆಗೆ ಏರುತ್ತದಂತೆ ಎಂದಳು ಹುಡುಗಿ. ಆಶಾ ನಗದೆ, ಗರ್ಭಕೋಶದ ಚಿತ್ರ ಬರೆದು ತೋರಿಸಿದಳು. ಮೂರು ತಿಂಗಳಿಗೊಮ್ಮೆ ಚುಚ್ಚುವ 'ಅಂತರಾ'ದಿಂದ ಮುಟ್ಟು ಏರುಪೇರಾಗಬಹುದು, ನಿಂತೂಹೋಗಬಹುದು. ಕೆಟ್ಟ ರಕ್ತ ಒಳಗೆ ಕಟ್ಟುವುದಿಲ್ಲ ಎಂದು ಮೊದಲೇ ಹೇಳಿದಳು. ಹೀಗೆ ಮೊದಲೇ ಹೇಳದೇ ಹೋದರೆ, ಗಾಬರಿಯಾದವರು ಎರಡನೇ ಸೂಜಿಗೆ ಬರುವುದೇ ಇಲ್ಲ. ಆಪ್ತಸಮಾಲೋಚನೆ ಎಂಬ ಭಾರದ ಪದದೊಳಗಿನ ತಿರುಳು ಇದೇ ಎನಿಸುತ್ತದೆ ನನಗೆ.

ಇಲ್ಲಿ ನನ್ನ ತಕರಾರೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಸಂತಾನಹರಣ ಆಪರೇಷನ್ ಆಗಿದೆ. ಗಂಡಸರ ಪಾಲು ಸೊನ್ನೆಯ ಆಸುಪಾಸು. ಬೇಗ ಮದುವೆ, ಬೇಗ ಮಕ್ಕಳು, ಬೇಗ ಆಪರೇಷನ್. ನಡುವೆ ಉಸಿರಾಡಲು ಅಂತರ ಬೇಕೆನ್ನುವ ಇಪ್ಪತ್ತರ ಹುಡುಗಿಯನ್ನು ಕೇಳುವವರು ಯಾರು?

ಹುಡುಗಿ ಆರಿಸಿದ್ದು 'ಛಾಯಾ' ಮಾತ್ರೆ. ಲಖನೌದ ಸಂಶೋಧನಾಲಯದಲ್ಲಿ ಹುಟ್ಟಿದ್ದು, ಹಾರ್ಮೋನು ಇಲ್ಲದ್ದು, ಹಾಲೂಡಿಸುವವರಿಗೂ ಆಗುತ್ತದೆ. ಮುಟ್ಟಾದ ಮೊದಲ ದಿನ ಒಂದು, ನಾಲ್ಕನೇ ದಿನ ಇನ್ನೊಂದು; ಮೂರು ತಿಂಗಳು ವಾರಕ್ಕೆ ಅವೇ ಎರಡು ದಿನ, ಆಮೇಲೆ ವಾರಕ್ಕೊಂದೇ, ಮೊದಲ ಮಾತ್ರೆಯ ದಿನ ಮಾತ್ರ. ಮುಟ್ಟು ಯಾವಾಗ ಎಂದು ಆಶಾ ಕೇಳುವಷ್ಟರಲ್ಲಿ, ಇವತ್ತೇ ಆಯಿತು ಎಂದಳು ಹುಡುಗಿ ತಗ್ಗಿದ ದನಿಯಲ್ಲಿ. ಅಂದು ಮಂಗಳವಾರ. ಬೆರಳು ಮಡಚಿ ಎಣಿಸಿದಳು: ಮಂಗಳವಾರ, ಶುಕ್ರವಾರ. ಎರಡೂ ಅಮ್ಮನ ವಾರವೇ, ಮರೆಯಲ್ಲ ಬಿಡಿ ಎಂದು ಗೋಡೆಯ ಕ್ಯಾಲೆಂಡರಿಗೆ ಪೆನ್ನು ಹುಡುಕತೊಡಗಿದಳು.