ಜಾಲತಾಣದ ಕೊನೆಯಿಲ್ಲದ ಪುಟ: ವರ್ತಕರು ಗಮನಿಸತಕ್ಕ ಅಂಶಗಳು

ಜಾಲತಾಣಕ್ಕೆ ತಗಲುವ ವೆಚ್ಚವನ್ನು ಲೆಕ್ಕಪತ್ರದಲ್ಲಿ ಜಾಹೀರಾತು ಖರ್ಚೆಂದು ಬರೆದು ಸುಮ್ಮನಾಗುವುದು ನಮ್ಮ ವರ್ತಕ ಬಾಂಧವರಲ್ಲಿ ವಾಡಿಕೆ. ಆ ಖರ್ಚು ಗಿರಾಕಿಯನ್ನು ತರುತ್ತದೆಯೇ ಎಂಬುದು ಬಹುಮಟ್ಟಿಗೆ ಪುಟದ ವಿನ್ಯಾಸವನ್ನು ಅವಲಂಬಿಸಿದೆ. ಎಲ್ಲ ವಿವರಗಳನ್ನೂ ಒಂದೇ ಉದ್ದನೆಯ ಪುಟದಲ್ಲಿ ಇರಿಸುವುದು ಒಂದು ಮಾದರಿ. ಬೆರಳಿನಿಂದ ಸರಿಸಿದಂತೆಲ್ಲ ಹೊಸ ಸರಕು ತಾನಾಗಿ ಮೂಡುತ್ತ ಹೋಗುವುದು ಇನ್ನೊಂದು. ಇದಕ್ಕೆ ಇನ್ಫಿನಿಟ್ ಸ್ಕ್ರೋಲ್ ಎಂದು ಹೆಸರು. 2006ರಲ್ಲಿ ಅಮೆರಿಕದ ಏಜಾ ರಾಸ್ಕಿನ್ ರೂಪಿಸಿದ ಈ ವಿಧಾನವು ಸುದ್ದಿಯ ಹಾಗೂ ಹರಟೆಯ ತಾಣಗಳಿಗೆ ಒಪ್ಪುತ್ತದೆ. ಸರಕು ಮಾರುವವರಿಗೆ ಒಪ್ಪುವುದು ಅನುಮಾನ.

ಕಾರಣವಿಷ್ಟೆ. ಗೂಗಲ್‌ನ ಯಂತ್ರವು ಪುಟಗಳನ್ನು ಓದಿ ಸೂಚಿ ಸಿದ್ಧಪಡಿಸುವಾಗ ಮನುಷ್ಯರಂತೆ ಪುಟವನ್ನು ಸರಿಸುವುದಿಲ್ಲ, ಗುಂಡಿಯನ್ನು ಒತ್ತುವುದೂ ಇಲ್ಲ. ಲಿಂಕುಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಸಾಗುತ್ತದೆ. ಚಾಮರಾಜನಗರದ ಕರಿಕಲ್ಲಿನ ಘಟಕವೊಂದು ಸ್ಲ್ಯಾಬ್, ಸ್ಮಾರಕ ಶಿಲೆ, ನೆಲಹಾಸು ಎಂದು 60 ಬಗೆಯ ಸರಕನ್ನು ಇಂತಹ ಪುಟದಲ್ಲಿ ಇಟ್ಟಿದೆಯೆಂದು ಭಾವಿಸೋಣ. ಮೊದಲಿಗೆ ಕಾಣುವ 12 ಬಗೆಗಳು ಸೂಚಿಗೆ ಸೇರಿ, ಉಳಿದ 48 ಹೊರಗುಳಿಯುವ ಸಂಭವವುಂಟು. ಸ್ಮಾರಕ ಶಿಲೆಗಾಗಿ ಹುಡುಕುವ ಹೊರದೇಶದ ಖರೀದಿದಾರನಿಗೆ ಆ ಘಟಕ ಇದ್ದೂ ಇಲ್ಲದಂತೆ. ಗೋದಾಮಿನಲ್ಲಿ ಮಾಲು ಇದ್ದು ದಾಸ್ತಾನು ಪುಸ್ತಕದಲ್ಲಿ ನಮೂದಾಗದಿದ್ದರೆ ಏನಾಗುವುದೋ ಇಲ್ಲಿಯೂ ಅದೇ. ಒಂದೇ ಉದ್ದ ಪುಟದ ಮಾದರಿಯಲ್ಲಿ ಎಲ್ಲವೂ ಓದಲ್ಪಡುತ್ತದೆ. ಆದರೆ ಹತ್ತು ಸರಕಿಗೆ ಒಂದೇ ಶೀರ್ಷಿಕೆ, ಒಂದೇ ವಿಳಾಸವಾದ್ದರಿಂದ ಯಾವ ಸರಕಿನ ಹುಡುಕಾಟಕ್ಕೂ ಅದು ಪೂರ್ಣ ಉತ್ತರವಾಗದು.

ಇದಕ್ಕೆ ಪರಿಹಾರವನ್ನು ಗೂಗಲ್ 2014ರಲ್ಲೇ ತಿಳಿಸಿದೆ: ಪುಟವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಪ್ರತ್ಯೇಕ ಜಾಲವಿಳಾಸ ನೀಡಬೇಕು. ಸರಕೊಂದಕ್ಕೆ ಪುಟವೊಂದು ಇದ್ದರೆ ಇನ್ನೂ ಉತ್ತಮ. ಗೂಗಲ್ ಸಂಸ್ಥೆಯೇ ತನ್ನ ಶೋಧ ಫಲಿತಾಂಶಗಳಿಗೆ 2021ರಲ್ಲಿ ಮೊಬೈಲಿನಲ್ಲೂ 2022ರಲ್ಲಿ ಕಂಪ್ಯೂಟರಿನಲ್ಲೂ ನಿರಂತರ ಸರಿಸುವಿಕೆಯನ್ನು ತಂದು, 2024ರಲ್ಲಿ ಕೈಬಿಡುವುದಾಗಿ ಪ್ರಕಟಿಸಿತು ಎಂಬುದು ಇಲ್ಲಿ ಗಮನಾರ್ಹ.

ಗಿರಾಕಿಯ ಅನುಕೂಲದ ವಿಷಯಕ್ಕೆ ಬಂದರೆ ಗುಂಡ್ಲುಪೇಟೆಯ ವಸತಿಗೃಹಗಳ ಉದಾಹರಣೆ ಸಾಕು. ಬಂಡೀಪುರದ ಮೂಲಕ ವಯನಾಡು ಮತ್ತು ಊಟಿಯ ಕಡೆಗೆ ಸಾಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ವೇಳೆ ಮೀರಿ ಬಂದ ಪ್ರಯಾಣಿಕನಿಗೆ ಬೇಕಾದುದು ದೂರವಾಣಿ ಸಂಖ್ಯೆ ಮತ್ತು ಕೊಠಡಿಯ ದರ. ಅವು ಪುಟದ ಅಡಿಯಲ್ಲಿದ್ದು, ಚಿತ್ರಗಳು ಒಂದರ ಹಿಂದೊಂದು ಮೂಡುತ್ತಲೇ ಇದ್ದರೆ ಆತ ಅಡಿಯನ್ನು ಮುಟ್ಟುವುದೇ ಇಲ್ಲ. ಒಂದು ಕೊಠಡಿಯ ವಿವರ ನೋಡಿ ಹಿಂದಿರುಗಿದರೆ ಅನೇಕ ವೇಳೆ ಮತ್ತೆ ಮೊದಲಿನಿಂದ ಸರಿಸಬೇಕು. ಸಿಗ್ನಲ್ ದುರ್ಬಲವಾದ ಕಡೆ ಭಾರವಾದ ಚಿತ್ರಗಳು ತೆರೆಯುವುದೂ ತಡ. ಪುಟದ ಮುಖ್ಯ ಭಾಗ 2.5 ಸೆಕೆಂಡುಗಳೊಳಗೆ ಕಾಣಬೇಕೆಂಬುದು ಗೂಗಲ್‌ನ ಮಾನದಂಡ.

ಕಾನೂನಿನ ಅಂಶವೂ ಇದೆ. ವಿನ್ಯಾಸಕಾರರು ಇದನ್ನು ಹೇಳುವುದು ಕಡಿಮೆ. 2014ರ ಕಂಪನಿಗಳ (ಸ್ಥಾಪನೆ) ನಿಯಮಗಳ 26ನೇ ನಿಯಮದ ಪ್ರಕಾರ, ಜಾಲತಾಣವುಳ್ಳ ಕಂಪನಿಯು ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ, ದೂರವಾಣಿ, ಇಮೇಲ್ ಹಾಗೂ ದೂರುಗಳಿಗೆ ಸಂಪರ್ಕಿಸಬೇಕಾದವರ ಹೆಸರನ್ನು ಮುಖಪುಟದಲ್ಲಿ ಪ್ರಕಟಿಸತಕ್ಕದ್ದು. ಜಾಲದಲ್ಲಿ ನೇರ ಮಾರಾಟ ಮಾಡುವವರು 2020ರ ಗ್ರಾಹಕ ರಕ್ಷಣಾ (ಇ-ಕಾಮರ್ಸ್) ನಿಯಮಗಳಂತೆ ಹೆಸರು, ವಿಳಾಸ, ಸಂಪರ್ಕ ವಿವರಗಳನ್ನು ಎದ್ದು ಕಾಣುವಂತೆ ತೋರಿಸಬೇಕು. ಕೈಗೆಟುಕದ ಅಡಿಭಾಗದಲ್ಲಿ ಇವನ್ನು ಇರಿಸಿ ಪ್ರಕಟಿಸಿದ್ದೇವೆ ಎನ್ನುವುದು ನನ್ನ ಅಭಿಪ್ರಾಯದಲ್ಲಿ ದುರ್ಬಲವಾದ ವಾದ. ಪುಟದ ಮೇಲ್ಭಾಗದಲ್ಲೇ ಇರಿಸುವುದು ಕ್ಷೇಮ.

ಜಾಲತಾಣ ರಚಿಸಿದವರಿಗೆ ಬಿಲ್ಲಿನ ಕೊನೆಯ ಕಂತು ಪಾವತಿಸುವ ಮುನ್ನ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ಎಷ್ಟು ಪುಟಗಳು ಸೂಚಿಗೆ ಸೇರಿವೆಯೆಂದು ತೋರಿಸಲು ಹೇಳಿ, ಆ ಸಂಖ್ಯೆಯನ್ನು ತಮ್ಮ ಸರಕಿನ ಪಟ್ಟಿಯೊಡನೆ ತಾಳೆ ನೋಡಬೇಕು.