ಬಿದಿರಿನ ಸಾರುವೆ: ಅಗ್ಗವೆಂಬ ಮಾತಿನ ಲೆಕ್ಕಪರಿಶೋಧನೆ

ಸಂಡೂರಿನ ಗುಡ್ಡಗಳಿಂದ ಅದಿರು ಹೊರಡುತ್ತದೆ, ತೋರಣಗಲ್ಲಿನಲ್ಲಿ ಉಕ್ಕು ಸಿದ್ಧವಾಗುತ್ತದೆ. ಆದರೂ ಹೊಸಪೇಟೆಯ ಬಡಾವಣೆಗಳಲ್ಲಿ ಗಾರೆ ಕೆಲಸ ನಡೆದಿರುವ ಮನೆಗಳ ಮುಂದೆ ಇಂದಿಗೂ ಕಾಣಸಿಗುವುದು ಬೊಂಬುಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ಸಾರುವೆ. ಉಕ್ಕಿನ ನಾಡಿನಲ್ಲಿ ಬಿದಿರು ಉಳಿದಿರುವುದರ ಕಾರಣವನ್ನು ನಮ್ಮ ಸದಸ್ಯ ಬಾಂಧವರಿಗೆ ವಿವರಿಸಬೇಕಾಗಿಲ್ಲ: ಬಂಡವಾಳ ಕಡಿಮೆ, ದಿನಬಾಡಿಗೆಯ ಚಿಂತೆಯಿಲ್ಲ, ಹೊರಲು ಹಗುರ.

ಕೆಲವು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ, ಕೆಲಸ ಅರ್ಧಕ್ಕಿಳಿದ ವರ್ಷದಲ್ಲಿಯೂ ಬಿದಿರು ಖರೀದಿಯ ಮೊತ್ತ ಇಳಿಯದಿದ್ದುದು ನನ್ನ ಗಮನಕ್ಕೆ ಬಂದಿತು. ವಿಚಾರಿಸಿದಾಗ ‘ಹುಳ ತಿಂದು ಹೋಗುತ್ತದೆ’ ಎಂಬ ಉತ್ತರ ದೊರೆಯಿತು. ಅವರ ದಾಸ್ತಾನು ನೋಡಿದೆ. ಬೊಂಬುಗಳ ಕೆಳಗೆ ಹಿಟ್ಟಿನಂಥ ಹಳದಿ ಪುಡಿ ಬಿದ್ದಿತ್ತು. ಆ ವರ್ಷ ಅದೇ ರಾಶಿಯ ಬೊಂಬೊಂದು ಮುರಿದು, ಗಾರೆ ಕೆಲಸದವನೊಬ್ಬ ಮೂರು ತಿಂಗಳು ಹಾಸಿಗೆ ಹಿಡಿದಿದ್ದ. ಆತನ ಆಸ್ಪತ್ರೆಯ ವೆಚ್ಚವನ್ನು ‘ಇತರೆ’ ಎಂಬ ಬಾಬ್ತಿನಲ್ಲಿ ಬರೆಯಲಾಗಿತ್ತು. ಅಂದರೆ ಬಿದಿರಿನ ನಿಜವಾದ ಖರ್ಚು ಬಿದಿರಿನ ಖಾತೆಯಲ್ಲಿ ಇರಲೇ ಇಲ್ಲ.

ಲೆಕ್ಕ ಸರಳವಾದುದು. ಬೊಂಬೊಂದಕ್ಕೆ 150 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ಕಟ್ಟಡಗಳಿಗೆ ಬಂದರೆ ಬಳಕೆಯೊಂದಕ್ಕೆ 50 ರೂಪಾಯಿ. ಇನ್ನೂ 40 ರೂಪಾಯಿ ವೆಚ್ಚ ಮಾಡಿ ಸಂಸ್ಕರಿಸಿದ ಬೊಂಬು ಹತ್ತು ಕಟ್ಟಡಗಳಿಗೆ ಬಂದರೆ ಕೇವಲ 19 ರೂಪಾಯಿ. ಪರಿಸರಸ್ನೇಹಿ ಎಂಬ ವಿಶೇಷಣವೂ ಆಗಲೇ ಸಲ್ಲುತ್ತದೆ. ವರ್ಷಕ್ಕೊಮ್ಮೆ ಎಸೆಯುವ ವಸ್ತುವಿಗೆ ಆ ಹೆಸರು ಒಪ್ಪದು.

ಹುಳಕ್ಕೆ ಬೇಕಾದುದು ಬಿದಿರಿನೊಳಗಿನ ಪಿಷ್ಟ. ಆದ್ದರಿಂದ ಮೂರು ವರ್ಷ ತುಂಬದ ಎಳೆಯ ಬಿದಿರನ್ನು ಕೊಳ್ಳಬಾರದು. ಮಳೆಗಾಲ ಕಳೆದು ಚಳಿಗಾಲದಲ್ಲಿ ಕಡಿದುದೇ ಲೇಸು. ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ಬಹುಮಟ್ಟಿಗೆ ಕರಗಿಹೋಗುತ್ತದೆ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಇನ್ನೂ ಉತ್ತಮ. ಆದರೆ ಮಳೆಯಲ್ಲಿ ತೊಳೆದುಹೋಗುವುದರಿಂದ ದಾಸ್ತಾನಿಗೆ ಸೂರು ಅವಶ್ಯ. ಹಂಪಿಯ ಹೊಳೆಯಲ್ಲಿ ಹರಿಗೋಲು ನಡೆಸುವವರು ಬಿದಿರಿನ ಹೆಣಿಗೆಗೆ ಡಾಂಬರು ಬಳಿಯದೆ ನೀರಿಗಿಳಿಸುವುದಿಲ್ಲ. ನಾವು ಮಾತ್ರ ಹಸಿ ಬೊಂಬಿನ ಮೇಲೆ ಮನುಷ್ಯರನ್ನು ಹತ್ತಿಸುತ್ತೇವೆ!

ಇನ್ನು ತೆರಿಗೆಯ ವಿಚಾರ. ಜಿ.ಎಸ್.ಟಿ.ಯಲ್ಲಿ ಬಿದಿರಿಗೆ ಶೇ. 5, ಉಕ್ಕಿನ ಸಾರುವೆ ಸಾಮಗ್ರಿಗೆ ಶೇ. 18. ಹೂಡುವಳಿ ತೆರಿಗೆ ಜಮೆ ಪಡೆಯುವ ಗುತ್ತಿಗೆದಾರರಿಗೆ ಈ ಅಂತರ ದೊಡ್ಡದಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ನೇರ ಹೊರೆ.

ಕಂಪ್ಲಿಯ ಕಾಲುವೆ ನೀರಿನ ಜಮೀನುಗಳ ಬದುಗಳಲ್ಲಿ ಬಿದಿರು ಬೆಳೆಸಿದರೆ ಸ್ಥಳೀಯವಾಗಿಯೇ ಸರಕು ದೊರೆತೀತೆಂಬುದು ನನ್ನ ಅಭಿಪ್ರಾಯ. ಸಸ್ಯಶಾಸ್ತ್ರದ ಪ್ರಕಾರ ಹುಲ್ಲಾಗಿರುವ ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆ ಮರವೆಂದು ಪರಿಗಣಿಸಿತ್ತು. 2017ರ ತಿದ್ದುಪಡಿಯು ಅರಣ್ಯೇತರ ಜಮೀನಿನ ಬಿದಿರನ್ನು ಆ ವ್ಯಾಖ್ಯೆಯಿಂದ ಕೈಬಿಟ್ಟಿತು. ಆದರೆ ನಮ್ಮಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರತ್ಯೇಕವಾಗಿರುವುದರಿಂದ, ಲಾರಿಗೆ ತುಂಬುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಬಿದಿರಿಗೂ ಮಿತಿಯುಂಟು. ಗಗನಚುಂಬಿ ಕಟ್ಟಡಗಳಿಗೂ ಬಿದಿರಿನ ಸಾರುವೆ ಕಟ್ಟುವ ಹಾಂಗ್‌ಕಾಂಗ್‌ನಲ್ಲಿಯೇ, ಹೊಸ ಸರ್ಕಾರಿ ಕಟ್ಟಡ ಕಾಮಗಾರಿಗಳಲ್ಲಿ ಕನಿಷ್ಠ ಅರ್ಧದಷ್ಟಕ್ಕೆ ಲೋಹದ ಸಾರುವೆ ಬಳಸಬೇಕೆಂದು 2025ರ ಮಾರ್ಚ್‌ನಲ್ಲಿ ನಿರ್ಧರಿಸಲಾಯಿತು. ಅದೇ ನವೆಂಬರ್ 26ರಂದು, ದುರಸ್ತಿಗಾಗಿ ಬಿದಿರಿನ ಸಾರುವೆ ಕಟ್ಟಿದ್ದ ಅಲ್ಲಿನ ವಸತಿ ಸಮುಚ್ಚಯಕ್ಕೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಅಸುನೀಗಿದರು. ಹೊದಿಸಿದ್ದ ಬಲೆ ಮತ್ತು ಕಿಟಕಿಗಳಿಗೆ ಮುಚ್ಚಿದ್ದ ಫೋಮ್ ಹಲಗೆಗಳತ್ತ ತನಿಖೆ ಬೆರಳು ತೋರಿತು. ಬಿದಿರಿನ ಪಾತ್ರವೂ ಚರ್ಚೆಗೆ ಬಂದಿತು. ನಮ್ಮ ಎರಡಂತಸ್ತಿನ ಮನೆಗಳಿಗೆ ಬಿದಿರು ಸಾಕು. ಅದಕ್ಕಿಂತ ಎತ್ತರಕ್ಕೆ ಉಕ್ಕಿನ ಕೊಳವೆಗಳನ್ನು ಬಾಡಿಗೆಗೆ ತರುವುದೇ ಯೋಗ್ಯ.

ಮೇಲೆ ಹೇಳಿದ ಗುತ್ತಿಗೆದಾರರು ಈಗ ಬೊಂಬಿನ ಬುಡಕ್ಕೆ ಖರೀದಿಯ ವರ್ಷವನ್ನು ಸೂಚಿಸುವ ಬಣ್ಣ ಬಳಿಸುತ್ತಾರೆ. ದಾಸ್ತಾನು ಪುಸ್ತಕದಲ್ಲಿಯೂ ಅದೇ ಬಣ್ಣದ ಕಲಮು. ಐದನೆಯ ಬಣ್ಣದ ಬೊಂಬು ಬಂದೊಡನೆ ಮೊದಲನೆಯ ಬಣ್ಣದವುಗಳಿಗೆ ಗರಗಸ ಬೀಳುತ್ತದೆ, ನೋಡಲು ಎಷ್ಟೇ ಗಟ್ಟಿಯಾಗಿ ಕಂಡರೂ.